ಕೆಲಸವೇನೆಂದು ಕೇಳದ ಡಾಕ್ಟರು



‘ಏನು? ಎಷ್ಟು ದಿನದಿಂದ? ಸರಿ, ಮಾತ್ರೆ ತಗೋ, ಹೋಗು.’ ತೋಟದ ಡಿಸ್ಪೆನ್ಸರಿಯ ಬಾಗಿಲಲ್ಲಿ ಬೆಳಿಗ್ಗೆಯಿಂದ ಕಾದು ಕೂತ ನಮ್ಮವರಿಗೆ ದಕ್ಕುವ ವೈದ್ಯ ಎಷ್ಟೋ ಕಡೆ ಇಷ್ಟೇ. ನೀಲಗಿರಿಯಲ್ಲಿ ಇದು ತಮಿಳಿನಲ್ಲಿ, ವಯನಾಡಿನಲ್ಲಿ ಮಲಯಾಳದಲ್ಲಿ. ಭಾಷೆ ಯಾವುದಾದರೇನು, ಏಕವಚನ ಮಾತ್ರ ತಪ್ಪುವುದಿಲ್ಲ. ಅದೇ ಡಾಕ್ಟರು ಮ್ಯಾನೇಜರರ ಬಂಗಲೆಗೆ ಹೋದರೆ ಬಹುವಚನವೂ ಬಾಯಿಗೆ ಬರುತ್ತದೆ, ಸಮಯವೂ ಒದಗುತ್ತದೆ. ಎಲ್ಲ ಡಾಕ್ಟರರೂ ಹೀಗೆಂದು ನಾವು ಹೇಳುವುದಿಲ್ಲ. ರಾತ್ರಿ ಹೊತ್ತಿನಲ್ಲಿ ಲೈನು ಮನೆಗೆ ನಡೆದು ಬಂದು ಬಾಣಂತಿಯ ಪಕ್ಕ ಕೂತವರನ್ನೂ ನಾವು ಬಲ್ಲೆವು. ಅಂಥವರು ಈ ಮಾತನ್ನು ಓದಿ ಬೇಸರಪಡಲಾರರು.

ಈ ದೂರು ಎತ್ತಿದರೆ ಸಿದ್ಧವಾಗಿರುವ ಉತ್ತರವೊಂದಿದೆ: ‘ಔಷಧ ಸರಿಯಾಗಿದ್ದರೆ ಸಾಲದೇ? ಸಿಹಿ ಮಾತು ಬೇರೆ ಬೇಕೇ?’ ನಾವು ಸಿಹಿ ಮಾತು ಬೇಡುತ್ತಿಲ್ಲ. ವಿಚಾರಿಸದೆ ಕೊಟ್ಟ ಔಷಧ ಸರಿಯಾಗಿರುವುದು ಹೇಗೆ ಎಂದು ಕೇಳುತ್ತಿದ್ದೇವೆ.

ಬೆಳಿಗ್ಗೆ ಗಿಡಕ್ಕೆ ಹುಳದ ಮದ್ದು ಹೊಡೆದ ಆಳು ಮಧ್ಯಾಹ್ನ ವಾಂತಿ, ಭೇದಿ, ಹೊಟ್ಟೆ ನುಲಿತ ಎಂದು ಬರುತ್ತಾನೆ. ನೋಡುವವರಿಗೆ ಅದು ಅಜೀರ್ಣದ ಹಾಗೆಯೇ ಕಾಣುತ್ತದೆ. ಆದರೆ ಆರ್ಗನೋಫಾಸ್ಫೇಟ್ ಜಾತಿಯ ವಿಷ ಚರ್ಮದ ಮೂಲಕವೂ ಒಳಗಿಳಿಯುತ್ತದೆ. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ, ಜೊಲ್ಲು ಸುರಿಯುತ್ತದೆ, ಮೈ ಬೆವರುತ್ತದೆ, ಎದೆಯಲ್ಲಿ ನೀರಾಡಿ ಉಸಿರು ಕಟ್ಟುತ್ತದೆ. ಅವನಿಗೆ ಬೇಕಾದದ್ದು ಭೇದಿ ನಿಲ್ಲಿಸುವ ಮಾತ್ರೆಯಲ್ಲ. ಮದ್ದು ತಾಗಿದ ಬಟ್ಟೆ ಕಳಚಿ ಸೋಪು ಹಾಕಿ ಮೈ ತೊಳೆಯಬೇಕು, ಅಟ್ರೊಪಿನ್ ಸೂಜಿ ಕೊಡಬೇಕು, ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು. ಈ ಎರಡು ದಾರಿಗಳ ನಡುವೆ ಇರುವುದು ಒಂದೇ ಪ್ರಶ್ನೆ: ‘ಈ ಹೊತ್ತು ಏನು ಕೆಲಸ ಮಾಡಿದಿರಿ?’ ಮಳೆಗಾಲದ ಜ್ವರವೂ ಹಾಗೆಯೇ. ಚರಂಡಿ ತೆಗೆದವಳು, ಕೆಸರಿನಲ್ಲಿ ದಿನವಿಡೀ ನಿಂತವಳು ಜ್ವರ, ಮೀನಖಂಡದ ನೋವು, ಕಣ್ಣು ಕೆಂಪು ಎಂದು ಬಂದರೆ ಇಲಿ ಜ್ವರವೆಂಬ ಅನುಮಾನ ಬರಬೇಕು. ಮೊದಲಲ್ಲೇ ಡಾಕ್ಸಿಸೈಕ್ಲಿನ್ ಮಾತ್ರೆ ಸಿಕ್ಕಿದರೆ ಗುಣವಾಗುವ ರೋಗ ಅದು. ತಡವಾದರೆ ಮೂತ್ರಪಿಂಡಕ್ಕೂ ಯಕೃತ್ತಿಗೂ ಏರುತ್ತದೆ.

ಇದು ನಾವು ಕಂಡುಹಿಡಿದ ಮಾತಲ್ಲ. ಇಟಲಿಯ ಬೆರ್ನಾರ್ದಿನೊ ರಮಾಜ್ಜಿನಿ ಎಂಬ ವೈದ್ಯ 1700ರಲ್ಲಿ ದುಡಿಯುವವರ ರೋಗಗಳ ಕುರಿತು ಗ್ರಂಥ ಬರೆದಾಗ, ಹಿಂದಿನವರು ರೋಗಿಯನ್ನು ಕೇಳುತ್ತಿದ್ದ ಪ್ರಶ್ನೆಗಳಿಗೆ ಇನ್ನೊಂದನ್ನು ಸೇರಿಸಿದ: ನಿನ್ನ ಕಸುಬೇನು? ಕೂಲಿಯವನ ಮನೆಗೆ ಹೋದ ವೈದ್ಯ ಹೋದೊಡನೆ ನಾಡಿ ಹಿಡಿಯದೆ, ಅಲ್ಲಿರುವ ಬರೀ ಮಣೆಯ ಮೇಲಾದರೂ ಕೂತು ವಿಚಾರಿಸಬೇಕೆಂದೂ ಅವನು ತಿಳಿಸಿದ. ಮುನ್ನೂರು ವರ್ಷ ಕಳೆದರೂ ಆ ಪ್ರಶ್ನೆ ನಮ್ಮ ಡಿಸ್ಪೆನ್ಸರಿಗೆ ಬಂದು ಮುಟ್ಟಿಲ್ಲವೆಂದರೆ ಏನು ಹೇಳೋಣ!

‘ಹೊತ್ತೆಲ್ಲಿದೆ?’ ಎನ್ನುತ್ತಾರೆ. 1984ರಲ್ಲಿ ಅಮೆರಿಕದಲ್ಲಿ ಬೆಕ್‌ಮನ್, ಫ್ರಾಂಕೆಲ್ ಎಂಬಿಬ್ಬರು 74 ಭೇಟಿಗಳನ್ನು ಪರೀಕ್ಷಿಸಿದರು. ರೋಗಿ ಬಾಯಿ ತೆರೆದು ಸರಾಸರಿ 18 ಸೆಕೆಂಡಿಗೆ ಡಾಕ್ಟರು ಅಡ್ಡ ಬಾಯಿ ಹಾಕಿದ್ದರು. ಮೊದಲ ಮಾತನ್ನು ಪೂರ್ತಿ ಹೇಳಲು ಅವಕಾಶ ದೊರೆತದ್ದು 17 ಭೇಟಿಗಳಲ್ಲಿ ಮಾತ್ರ. ಹಾಗಾದರೆ ಬಿಟ್ಟರೆ ರೋಗಿ ಸಂಜೆಯವರೆಗೂ ಹೇಳುತ್ತಾನೆಯೇ? 2002ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲಿನಲ್ಲಿ ತಡೆಯದೆ ಕೇಳಿ ನೋಡಿದರು. ಸರಾಸರಿ 92 ಸೆಕೆಂಡಿನಲ್ಲಿ ರೋಗಿಗಳು ತಾವಾಗಿಯೇ ಮಾತು ನಿಲ್ಲಿಸಿದರು. ಒಂದೂವರೆ ನಿಮಿಷ! ಬೀಡಿ ಸೇದಿ ಮುಗಿಸುವಷ್ಟು ಹೊತ್ತೂ ಅಲ್ಲ.

ಆದರೂ ನೂರು ಜನರಿಗೆ ಒಬ್ಬನೇ ಡಾಕ್ಟರಾದರೆ ಅವನಾದರೂ ಏನು ಮಾಡಿಯಾನು ಎಂಬುದನ್ನು ನಾವು ಬಲ್ಲೆವು. ಆ ತಪ್ಪು ಅವನದ್ದಲ್ಲ, ಎರಡನೆಯ ಡಾಕ್ಟರನ್ನು ನೇಮಿಸದವರದ್ದು. ತೋಟದಾಳಿಗೂ ಅವನ ಕುಟುಂಬಕ್ಕೂ ವೈದ್ಯ ಸೌಕರ್ಯ ಒದಗಿಸುವ ಹೊಣೆಯನ್ನು 1951ರ ತೋಟ ಕಾರ್ಮಿಕರ ಕಾಯಿದೆ ಮಾಲೀಕರ ಮೇಲೆ ಹೊರಿಸಿತು. 2020ರ ಸಂಹಿತೆಯೂ ಆ ಹೊಣೆಯನ್ನು ಇಳಿಸಿಲ್ಲ. ಡಾಕ್ಟರ ಮೇಲೆ ಕೈ ಮಾಡುವುದಾಗಲಿ, ಬಾಯಿಗೆ ಬಂದಂತೆ ಬೈಯುವುದಾಗಲಿ ನಮ್ಮ ದಾರಿಯಲ್ಲ. ಅವರ ಕೆಲಸದ ಹೊರೆ ಇಳಿಯಲೆಂದೇ ನಾವು ಮಾಲೀಕರ ಮುಂದೆ ನಿಲ್ಲಬೇಕು.

ಇನ್ನು ಭಾಷೆ. ಕನ್ನಡ ಮಾತ್ರ ಬಲ್ಲ ನಮ್ಮ ಹೆಂಗಸು ತಮಿಳು ಡಾಕ್ಟರ ಮುಂದೆ ನಿಂತರೆ ನಡುವೆ ಮಾತು ತಿರುಗಿಸುವವನು ಯಾರು? ಮೇಸ್ತ್ರಿ. ಇಲ್ಲವೇ ಶಾಲೆ ಬಿಡಿಸಿ ಕರೆತಂದ ಹತ್ತು ವರ್ಷದ ಮಗ. ಮುಟ್ಟಿನ ತೊಂದರೆ, ಬಿಳಿ ಹೋಗುವುದು, ಗರ್ಭ ನಿಂತದ್ದು, ಇಳಿದದ್ದು, ಇದನ್ನೆಲ್ಲ ಮೇಸ್ತ್ರಿಯ ಮುಂದೆ ಹೇಳುವುದುಂಟೇ? ಅವಳು ‘ಸೊಂಟ ನೋವು’ ಎಂದು ಹೇಳಿ ಮುಗಿಸುತ್ತಾಳೆ. ಸೊಂಟ ನೋವಿನ ಮಾತ್ರೆ ತಂದು ನುಂಗುತ್ತಾಳೆ. ಆಮೇಲೆ ‘ಇವರಿಗೆ ಸರಿಯಾಗಿ ಹೇಳಲೂ ಬರುವುದಿಲ್ಲ’ ಎಂಬ ಮಾತು ಬೇರೆ!

ರೋಗಿ ಹೇಳಿದ್ದು ಆಫೀಸಿಗೆ ಹೋಗಿ ಮುಟ್ಟುವುದು ಇನ್ನೂ ಕೆಟ್ಟದ್ದು. ಕ್ಷಯವೆಂದು ಗೊತ್ತಾದ ಸಂಜೆಗೇ ರೈಟರನಿಗೂ ತಿಳಿದು, ಮರುದಿನ ಲೈನಿನಲ್ಲಿ ಅವನ ಮನೆಯ ನೀರು ಮುಟ್ಟುವವರಿಲ್ಲದಂತಾಗುತ್ತದೆ. ಕ್ಷಯವನ್ನು ಸರಕಾರದ ಆರೋಗ್ಯ ಇಲಾಖೆಗೆ ತಿಳಿಸುವುದು ಕಡ್ಡಾಯ, ನಿಜ. ತೋಟದ ರೈಟರ್ ಆರೋಗ್ಯ ಇಲಾಖೆಯಲ್ಲ. ವೈದ್ಯರ ನಡತೆಯ ಬಗ್ಗೆ 2002ರಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತು ಮಾಡಿದ ನಿಯಮಗಳಿವೆ. (2023ರ ಆಗಸ್ಟಿನಲ್ಲಿ ಹೊಸ ನಿಯಮ ಹೊರಡಿಸಿ, ಅದೇ ತಿಂಗಳು ತಡೆಹಿಡಿದು, ಹಳೆಯದನ್ನೇ ಮತ್ತೆ ಜಾರಿಗೆ ತಂದರು.) ರೋಗಿಯ ಗುಟ್ಟನ್ನು ಕಾಯಬೇಕು, ರೋಗವನ್ನು ಇದ್ದುದಕ್ಕಿಂತ ಹೆಚ್ಚು ಮಾಡಿಯೂ ಕಡಿಮೆ ಮಾಡಿಯೂ ಹೇಳಬಾರದು, ರೋಗಿ ತನ್ನ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂದು ಅದರಲ್ಲಿದೆ. ಹೆಬ್ಬೆಟ್ಟು ಒತ್ತಿಸಿಕೊಳ್ಳುವವರಿಗೂ ಒಂದು ಮಾತು: ಪರೀಕ್ಷೆಗೆ ಒಪ್ಪಿದವಳು ಆಪರೇಷನ್ನಿಗೂ ಒಪ್ಪಿದಳೆಂದು ತಿಳಿಯಕೂಡದು, ಬುದ್ಧಿ ಸ್ವಾಧೀನವಿರುವ ಪ್ರಾಯದ ಹೆಂಗಸಿಗೆ ಬದಲಾಗಿ ಅವಳ ತಾಯಿ ಒಪ್ಪಿಗೆ ಕೊಟ್ಟರೂ ಸಲ್ಲದು ಎಂದು 2008ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿದೆ. ತಾಯಿಯದೇ ಸಲ್ಲದ ಮೇಲೆ ಮೇಸ್ತ್ರಿಯದು ಎಲ್ಲಿಂದ ಸಲ್ಲುತ್ತದೆ?

2019ರಿಂದ ಎಂ.ಬಿ.ಬಿ.ಎಸ್. ಓದುವವರಿಗೆ ರೋಗಿಯೊಡನೆ ಮಾತಾಡುವ ರೀತಿಯನ್ನೂ ಪಾಠವಾಗಿ ಇಟ್ಟಿದ್ದಾರೆ. ಒಳ್ಳೆಯದೇ. ಆದರೆ ಅದಕ್ಕೂ ಮುಂಚೆ ಓದಿ ಬಂದು ನಮ್ಮ ಮಲೆಗಳಲ್ಲಿ ಕೂತವರಿಗೆ ಯಾರು ಕಲಿಸಬೇಕು? ನಾವೇ ಕಲಿಸಬೇಕು. ನಮ್ಮಲ್ಲೊಂದು ದುರಭ್ಯಾಸವಿದೆ, ಅರ್ಥವಾಗದಿದ್ದರೂ ತಲೆಯಾಡಿಸಿ ಚೀಟಿ ಹಿಡಿದು ಹೊರಗೆ ಬರುವುದು. ಕ್ಷಯದ ಮಾತ್ರೆ ಸಾಮಾನ್ಯವಾಗಿ ಆರು ತಿಂಗಳು ನುಂಗತಕ್ಕದ್ದು. ಎರಡು ತಿಂಗಳಿಗೇ ಕೆಮ್ಮು ನಿಂತಿತೆಂದು ಬಿಟ್ಟವರು ಎಷ್ಟು ಮಂದಿ! ಬಿಡಬಾರದೆಂದು ಅವರಿಗೆ ತಿಳಿಯುವ ಭಾಷೆಯಲ್ಲಿ ಯಾರೂ ಹೇಳಿರಲಿಲ್ಲ.

ಆದ್ದರಿಂದ ಮುಂದಿನ ಸಲ ಡಿಸ್ಪೆನ್ಸರಿಗೆ ಹೋದಾಗ ಅವರು ಕೇಳದಿದ್ದರೂ ನೀವೇ ಮೊದಲು ನಿಮ್ಮ ಕೆಲಸ ಹೇಳಿರಿ. ಮದ್ದು ಹೊಡೆದಿದ್ದರೆ ಅದರ ಡಬ್ಬಿಯ ಹೆಸರಿನ ಚೀಟಿಯನ್ನು ಕೊಂಡೊಯ್ಯಿರಿ. ಏನು ರೋಗ, ಯಾವ ಮಾತ್ರೆ ಎಷ್ಟು ದಿನ, ಏನಾದರೆ ಕೂಡಲೆ ಮರಳಿ ಬರಬೇಕು, ಈ ಮೂರನ್ನು ಕೇಳದೆ ಎದ್ದು ಬರಬೇಡಿರಿ. ಕನ್ನಡ ಬಲ್ಲ ನರ್ಸಮ್ಮನೊಬ್ಬರು ಹೆಂಗಸರ ಜೊತೆ ಇರಬೇಕು, ಮೇಸ್ತ್ರಿ ಹೊರಗೆ ನಿಲ್ಲಬೇಕು ಎಂದು ಲೈನಿನವರೆಲ್ಲ ಸೇರಿ ಮ್ಯಾನೇಜರರಿಗೆ ಬರೆದು ಕೊಡಿರಿ. ಸಹಿ ಹಾಕಲು ಬಾರದವರು ಹೆಬ್ಬೆಟ್ಟು ಒತ್ತಿರಿ, ಈ ಸಲ ಕಾಗದದಲ್ಲಿ ಏನಿದೆಯೆಂದು ಓದಿಸಿ ಕೇಳಿದ ಮೇಲೆ.