ಪರನಾಡಿನ ಇಂಗ್ಲಿಷ್ ಕಲಿಕೆಯಲ್ಲಿ ತಾಯ್ನುಡಿಯ ಸ್ಥಾನ

ಹೊಸ ನುಡಿಯನ್ನು ಕಲಿಯಹೊರಟವನು ತನ್ನ ನುಡಿಯನ್ನು ಹೊಸ್ತಿಲಾಚೆ ಬಿಟ್ಟುಬರಬೇಕೆಂಬ ನಂಬಿಕೆ ಲೋಕದಲ್ಲಿ ಬಲವಾಗಿ ಬೇರೂರಿದೆ. ಪರದೇಶಕ್ಕೆ ಹೋದ ಕುಟುಂಬಗಳಲ್ಲಂತೂ ಮಕ್ಕಳಿಗೆ ಇಂಗ್ಲಿಷ್ ಬೇಗ ಬರಲೆಂದು ಮನೆಮಾತನ್ನೇ ನಿಲ್ಲಿಸುವವರುಂಟು. ಈ ನಂಬಿಕೆಯನ್ನು ಅನುಭವದ ಒರೆಗಲ್ಲಿಗೆ ಹಚ್ಚಿ ನೋಡುವುದು ವಿಹಿತ. ಅದಕ್ಕೆ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ನಿದರ್ಶನವೇ ಸಾಕು.

ಆ ರಾಜ್ಯದ ಸ್ಯಾನ್‌ಫ್ರಾನ್ಸಿಸ್ಕೋ ನಗರದ ಶಾಲೆಗಳಲ್ಲಿ ಇಂಗ್ಲಿಷ್ ಅರಿಯದ ಸುಮಾರು 1,800 ಮಂದಿ ಚೀನೀ ಮೂಲದ ಮಕ್ಕಳು ಯಾವ ವಿಶೇಷ ನೆರವೂ ಇಲ್ಲದೆ ಕುಳಿತಿದ್ದರು. ಪಾಠ ನಡೆಯುತ್ತಿತ್ತು, ಅರ್ಥ ಅವರನ್ನು ಮುಟ್ಟುತ್ತಿರಲಿಲ್ಲ. ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಬಗೆಯ ಉಪಾಧ್ಯಾಯರನ್ನು ಒದಗಿಸಿದ ಮಾತ್ರಕ್ಕೆ ಸಮಾನತೆ ಸಿದ್ಧಿಸದೆಂದು 1974ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಪರಿಹಾರ ಇಂತಹುದೇ ಆಗಬೇಕೆಂದು ಅದು ವಿಧಿಸಲಿಲ್ಲವಾದರೂ ಮಕ್ಕಳ ತಾಯ್ನುಡಿಯಲ್ಲೂ ಪಾಠ ಹೇಳುವ ಪದ್ಧತಿಗೆ ಇದರಿಂದ ಬಲ ಬಂದಿತು.

ಈ ಪದ್ಧತಿಗೆ ವಿರೋಧವೂ ಹುಟ್ಟಿತು. ಮಕ್ಕಳು ವರ್ಷಗಟ್ಟಲೆ ತಾಯ್ನುಡಿಯ ತರಗತಿಯಲ್ಲೇ ಉಳಿದು ಇಂಗ್ಲಿಷಿನಿಂದ ವಂಚಿತರಾಗುವರೆಂಬ ತಂದೆತಾಯಿಗಳ ಅಳಲನ್ನು ಸುಳ್ಳೆಂದು ತಳ್ಳಿಹಾಕುವಂತಿಲ್ಲ. 1998ರಲ್ಲಿ ಶೇಕಡ 60ಕ್ಕೂ ಹೆಚ್ಚಿನ ಮತದಾರರು ಸಮ್ಮತಿಸಿದ ಶಾಸನವು ದ್ವಿಭಾಷಾ ಬೋಧನೆಯನ್ನು ಬಹುಮಟ್ಟಿಗೆ ತಡೆದು, ಸಾಮಾನ್ಯವಾಗಿ ಒಂದು ವರ್ಷದ ಇಂಗ್ಲಿಷ್ ಸಿದ್ಧತೆಯೇ ಸಾಕೆಂದು ಗೊತ್ತುಪಡಿಸಿತು. ಆದರೆ 2016ರಲ್ಲಿ ಅದೇ ರಾಜ್ಯದ ಶೇಕಡ 73ಕ್ಕೂ ಹೆಚ್ಚಿನ ಮತದಾರರು ಆ ತಡೆಯನ್ನು ತೆಗೆದುಹಾಕಿದರು.

ಒಂದು ವರ್ಷವೇಕೆ ಸಾಲದು? ಕೆನಡಾದ ವಿದ್ವಾಂಸ ಜಿಮ್ ಕಮಿನ್ಸ್ ಅವರು ಇದಕ್ಕೆ ಉತ್ತರವಿತ್ತಿದ್ದಾರೆ. ಆಟದ ಬಯಲಿನ ಮಾತು ಎರಡು ವರ್ಷಗಳಲ್ಲಿ ಬಂದೀತು. ಶಾಸ್ತ್ರಪಾಠದ ಭಾಷೆ ಕೈವಶವಾಗಲು ಐದರಿಂದ ಏಳು ವರ್ಷಗಳು ಬೇಕು. ತಾಯ್ನುಡಿಯಲ್ಲಿ ಗಳಿಸಿದ ತಿಳಿವಳಿಕೆ ಎರಡನೆಯ ನುಡಿಗೂ ಒದಗಿಬರುವುದೆಂಬುದು ಅವರ ಪ್ರತಿಪಾದನೆ. ಭಿನ್ನರಾಶಿಯ ತತ್ತ್ವವನ್ನು ಕನ್ನಡದಲ್ಲಿ ಅರಿತ ಬಾಲಕನು ಇಂಗ್ಲಿಷಿನಲ್ಲಿ ಅದರ ಹೆಸರನ್ನು ಮಾತ್ರ ಕಲಿತರೆ ಸಾಕು. ತತ್ತ್ವವನ್ನು ಮತ್ತೆ ಕಲಿಯಬೇಕಾಗಿಲ್ಲ.

ಕನ್ನಡ ಪಂಡಿತ ಪರಂಪರೆಗೆ ಇದು ಹೊಸ ಮಾತಲ್ಲ. ಸಂಸ್ಕೃತದ ಅಮರಕೋಶಕ್ಕೆ ಕನ್ನಡ ಟೀಕೆಗಳು ಹುಟ್ಟಿದುದು ತಿಳಿದ ನುಡಿಯಿಂದ ತಿಳಿಯದ ನುಡಿಗೆ ದಾರಿ ಮಾಡುವುದಕ್ಕಾಗಿಯೇ. ವ್ಯಾಕರಣದಲ್ಲೂ ಹಾಗೆಯೇ. ‘ನನಗೆ ಹಸಿವಾಗಿದೆ’ ಎನ್ನುವಾಗ ಕನ್ನಡವು ಹಸಿದವನನ್ನು ಚತುರ್ಥೀ ವಿಭಕ್ತಿಯಲ್ಲಿರಿಸುತ್ತದೆ. ಇಂಗ್ಲಿಷು ಅವನನ್ನೇ ಕರ್ತೃಪದವಾಗಿಸುತ್ತದೆ. ಈ ಭೇದವನ್ನು ಎರಡು ನುಡಿಗಳನ್ನೂ ಎದುರಿಗಿಟ್ಟು ತೋರಿಸಿದ ಉಪಾಧ್ಯಾಯನ ಶಿಷ್ಯನು ತಪ್ಪನ್ನು ಕಾರಣಸಹಿತ ತಿದ್ದಿಕೊಳ್ಳುತ್ತಾನೆ. ಹಾಗೆಂದು ಇಂಗ್ಲಿಷನ್ನು ಆಡಿ, ಓದಿ, ಬರೆಯುವ ಅಭ್ಯಾಸದಲ್ಲಿ ಕೊರತೆಯಾಗಕೂಡದು. ಊರುಗೋಲು ನಡಿಗೆಗೆ ನೆರವಾಗಬಹುದೇ ಹೊರತು ನಡಿಗೆಯೇ ಆಗಲಾರದು.

ಅದೇ ಕ್ಯಾಲಿಫೋರ್ನಿಯಾದಲ್ಲಿ ಇಂದು ಅನೇಕ ಕನ್ನಡ ಕುಟುಂಬಗಳು ನೆಲೆಸಿವೆ. ಶಾಲೆಯೂ ಬೀದಿಯೂ ಅವರ ಮಕ್ಕಳಿಗೆ ಇಂಗ್ಲಿಷನ್ನು ಹೇಗೂ ಕಲಿಸುತ್ತವೆ. ಕನ್ನಡವನ್ನು ಕಲಿಸಲು ಮನೆಯೇ ಮುಖ್ಯ ಆಸರೆ. ಅಲ್ಲಿಯೂ ಅದು ನಿಂತರೆ, ಅಜ್ಜಿಯೂ ಮೊಮ್ಮಗುವೂ ಎದುರುಬದುರು ಕುಳಿತು ಮಾತಿಲ್ಲದೆ ನಗಬೇಕಾದೀತು. ಕಡಲಾಚೆ ನೆಲೆಸಿದ ಹಳೆಯ ವಿದ್ಯಾರ್ಥಿಗಳು ಇದನ್ನು ಮನಗಾಣಬೇಕು. ಇಲ್ಲಿ ಇಂಗ್ಲಿಷ್ ಬೋಧನೆಗೆ ಉದಾರವಾಗಿ ನೆರವೀಯುವ ದಾನಿಗಳೂ, ಕಲಿಸುವ ಉಪಾಧ್ಯಾಯರೂ ಕನ್ನಡದ ತಳಪಾಯವನ್ನು ಕಿತ್ತು ಇಂಗ್ಲಿಷಿನ ಉಪ್ಪರಿಗೆಯನ್ನು ಕಟ್ಟಲು ಹೊರಡದಿರುವುದು ಶ್ರೇಯಸ್ಕರ.