ಬೆರಳು ತೆಗೆಯಲು ಹಣವಿದೆ, ಉಳಿಸಲು ಗುಳಿಗೆ ಇಲ್ಲ



ಕಳೆದ ಶ್ರಾವಣದಲ್ಲಿ ಒಂದು ಸಂಜೆ ಪ್ರವಚನ ಮುಗಿದು ಜನರೆಲ್ಲ ದಾಸೋಹದ ಕಡೆ ಹೊರಟಿದ್ದಾಗ ಒಬ್ಬ ತಾಯಿ ನನ್ನನ್ನು ನಿಲ್ಲಿಸಿದರು. ಮಠದ ದಾಸೋಹಕ್ಕೆ ಇಪ್ಪತ್ತು ವರ್ಷಗಳಿಂದ ರೊಟ್ಟಿ ಬಡಿಯುತ್ತ ಬಂದವರು. ಎಡಗಾಲಿಗೆ ಪಟ್ಟಿ ಸುತ್ತಿತ್ತು. ಕೈಚೀಲದೊಳಗಿಂದ ಪ್ಲಾಸ್ಟಿಕ್ ಹಾಳೆಯಲ್ಲಿ ಜೋಪಾನವಾಗಿ ಇಟ್ಟಿದ್ದ ಆಯುಷ್ಮಾನ್ ಕಾರ್ಡು ತೆಗೆದು ಕೇಳಿದರು: "ಯಪ್ಪಾ, ಐದು ಲಕ್ಷದ ಕಾರ್ಡು ಅಂತಾರ. ಇದನ್ನ ತೋರಿಸಿದ್ರ ಅಂಗಡ್ಯಾಗ ಸಕ್ಕರಿ ಗುಳಿಗಿ ಯಾಕ ಕೊಡೂದಿಲ್ಲ?"

ಅವರಿಗೆ ಸಕ್ಕರೆ ಕಾಯಿಲೆ ಬಂದು ಎಂಟು ವರ್ಷ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಗುಳಿಗೆ ಪುಕ್ಕಟೆ ಸಿಗುತ್ತಿತ್ತು. ಒಮ್ಮೆ ದಾಸ್ತಾನು ಮುಗಿದಿತ್ತು. ಮುಂದಿನ ವಾರ ಬನ್ನಿ ಎಂದರು. ಮುಂದಿನ ವಾರವೂ ಅದೇ ಮಾತು. ಹೋಗಿಬರುವ ಬಸ್ಸಿನ ಖರ್ಚು, ಒಂದು ದಿನದ ಕೂಲಿ ಎರಡೂ ಹೋಗುತ್ತಿದ್ದವು. ಅಂಗಡಿಯಲ್ಲಿ ಕೊಳ್ಳತೊಡಗಿ, ಕೈ ಬಿಗಿಯಾದಾಗ ದಿನ ಬಿಟ್ಟು ದಿನ ನುಂಗಿ, ಕೊನೆಗೆ ನಿಲ್ಲಿಸಿಬಿಟ್ಟರು. ಕಾಲು ಜೋಮು ಹಿಡಿದಿದ್ದರಿಂದ ಮುಳ್ಳು ಚುಚ್ಚಿದ್ದು ಗೊತ್ತಾಗಲಿಲ್ಲ. ಗಾಯ ಕಪ್ಪಾಯಿತು. ಜಿಲ್ಲಾ ಆಸ್ಪತ್ರೆಯಿಂದ ಶಿಫಾರಸು ಪತ್ರ ಸಿಕ್ಕು, ದೊಡ್ಡ ಖಾಸಗಿ ಆಸ್ಪತ್ರೆಯಲ್ಲಿ ಎರಡು ಕಾಲ್ಬೆರಳು ತೆಗೆದರು. ಒಂದು ಪೈಸೆಯೂ ಖರ್ಚಾಗಲಿಲ್ಲ. ಆ ತಾಯಿ ಕಾರ್ಡಿಗೆ ಕೈಮುಗಿಯುತ್ತಾರೆ, ನಾನೂ ಮುಗಿಯುತ್ತೇನೆ. ಆದರೆ ಬೆರಳು ತೆಗೆಯಲು ಇದ್ದ ಹಣ ಬೆರಳು ಉಳಿಸುವ ಗುಳಿಗೆಗೆ ಇರಲಿಲ್ಲವೆಂಬುದು ನನ್ನ ಮನಸ್ಸಿನಿಂದ ಹೋಗಲೊಲ್ಲದು.

ನಮ್ಮ ಓದುಗರಲ್ಲಿ ಈಗ ಒಂದು ವಾದ ನಡೆದಿದೆ. ಸರಕಾರಿ ಆಸ್ಪತ್ರೆಗಳು ಸುಧಾರಿಸುವ ಮಾತೇ ಇಲ್ಲ, ಎಲ್ಲರಿಗೂ ವಿಮೆ ಮಾಡಿಸಿಬಿಡಿ, ಬೇಕಾದ ಕಡೆ ತೋರಿಸಿಕೊಳ್ಳಲಿ ಎನ್ನುವವರು ಒಂದು ಕಡೆ. ತೆರಿಗೆಯ ಹಣದಿಂದ ಸರಕಾರವೇ ಎಲ್ಲರಿಗೂ ಚಿಕಿತ್ಸೆ ಕೊಡಬೇಕು ಎನ್ನುವವರು ಇನ್ನೊಂದು ಕಡೆ. ನಾನು ಎರಡನೆಯವರ ಪರ. ಯಾಕೆಂದು ಹೇಳುತ್ತೇನೆ.

ಮೊದಲು ಕಾರ್ಡಿನ ವಿಚಾರ. 2003ರಲ್ಲಿ ಸಹಕಾರಿ ಸಂಘಗಳ ರೈತರಿಗಾಗಿ ಯಶಸ್ವಿನಿ ಬಂದಾಗ ತಿಂಗಳಿಗೆ ಐದು ರೂಪಾಯಿ ಕಟ್ಟಿದವರಿಗೆ ಹೃದಯದ ಶಸ್ತ್ರಚಿಕಿತ್ಸೆಯೂ ಸಿಕ್ಕಿತು. 2010ರಲ್ಲಿ ಕಲಬುರಗಿ ವಿಭಾಗದಿಂದ ಆರಂಭವಾದ ವಾಜಪೇಯಿ ಆರೋಗ್ಯಶ್ರೀ ಬಡವರನ್ನು ದೊಡ್ಡ ಆಸ್ಪತ್ರೆಗಳ ಒಳಗೆ ಕರೆದೊಯ್ದಿತು. 2018ರಲ್ಲಿ ಆರೋಗ್ಯ ಕರ್ನಾಟಕ, ಆಮೇಲೆ ಅದರೊಂದಿಗೆ ಕೂಡಿದ ಆಯುಷ್ಮಾನ್ ಭಾರತ್: ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ನಮ್ಮ ರಾಜ್ಯ ಇದನ್ನು ವಿಮಾ ಕಂಪನಿಯ ಕೈಗೆ ಕೊಡದೆ, ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ತಾನೇ ಆಸ್ಪತ್ರೆಗೆ ಹಣ ಪಾವತಿಸುತ್ತಿದೆ. ಇದು ಒಳ್ಳೆಯ ತೀರ್ಮಾನ. ಈ ಯೋಜನೆಗಳಿಂದ ಬದುಕಿಕೊಂಡವರು ನಮ್ಮ ಪ್ರತಿ ಊರಲ್ಲೂ ಇದ್ದಾರೆ. ಇವು ಬೇಡವೆಂದು ಯಾವ ತಿಳಿವಳಿಕಸ್ಥನೂ ಹೇಳಲಾರ.

ಆದರೆ ಇವೆಲ್ಲ ಮುಖ್ಯವಾಗಿ ಆಸ್ಪತ್ರೆಯ ಹಾಸಿಗೆ ಹಿಡಿದವರಿಗೆ. ಬಡವನ ಮನೆ ಬರಿದಾಗುವುದು ಶಸ್ತ್ರಚಿಕಿತ್ಸೆಯಿಂದ ಮಾತ್ರವಲ್ಲ. ತಿಂಗಳು ತಿಂಗಳು ಬೇಕಾಗುವ ಬಿಪಿ, ಸಕ್ಕರೆ ಗುಳಿಗೆ, ರಕ್ತ ಪರೀಕ್ಷೆ, ಡಾಕ್ಟರ ಫೀಜು, ಬಸ್ಸಿನ ಖರ್ಚು, ಇವು ಸದ್ದಿಲ್ಲದೆ ತಿನ್ನುತ್ತವೆ. ಕೇಂದ್ರ ಸರಕಾರದ ಲೆಕ್ಕದಂತೆ 2021-22ರಲ್ಲಿ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ನೇರವಾಗಿ ಕೈಯಿಂದ ಕೊಟ್ಟದ್ದು ಶೇ. 39.4. 2013-14ರಲ್ಲಿ ಇದು ಶೇ. 64.2 ಇತ್ತು. ಇಳಿದಿದೆ, ನಿಜ. ಆದರೂ ನೂರರಲ್ಲಿ ಸುಮಾರು ನಲವತ್ತು ರೂಪಾಯಿ ಇನ್ನೂ ಜನರ ಜೇಬಿನದೇ.

ಇನ್ನು ಖಾಸಗಿ ವಿಮೆ. ನಾನು ನಿವೃತ್ತ ಶಿಕ್ಷಕ, ವರ್ಷ ತಪ್ಪದೆ ಪ್ರೀಮಿಯಂ ಕಟ್ಟಿದವನು. ನಮ್ಮ ಮನೆಯವರ ಶಸ್ತ್ರಚಿಕಿತ್ಸೆಯಾದಾಗ, ಕೋಣೆಯ ಬಾಡಿಗೆ ಪಾಲಿಸಿಯ ಮಿತಿಗಿಂತ ಹೆಚ್ಚಿತ್ತೆಂದು ಕಂಪನಿ ಆಕ್ಷೇಪಿಸಿತು. ಬಾಡಿಗೆಯ ಹೆಚ್ಚುವರಿಯನ್ನಷ್ಟೇ ಅಲ್ಲ, ವೈದ್ಯರ ಶುಲ್ಕವನ್ನೂ ಆಪರೇಷನ್ ಕೋಣೆಯ ಶುಲ್ಕವನ್ನೂ ಅದೇ ಪ್ರಮಾಣದಲ್ಲಿ ಕಡಿತ ಮಾಡಿತು. ಹಾಗೆಂದು ಪಾಲಿಸಿಯ ಸಣ್ಣ ಅಕ್ಷರಗಳಲ್ಲಿ ಬರೆದಿತ್ತಂತೆ. ಮೂವತ್ತು ವರ್ಷ ಪಾಠ ಹೇಳಿದ ನನಗೇ ಅದು ಅರ್ಥವಾಗಿರಲಿಲ್ಲ. ಹೆಬ್ಬೆಟ್ಟು ಒತ್ತುವವರ ಗತಿ ಏನು?

ಸುಧಾರಣೆಗಳು ಆಗಿಲ್ಲವೆಂದಲ್ಲ. ಮೊದಲೇ ಇದ್ದ ರೋಗಕ್ಕೆ ಕಾಯಬೇಕಾದ ಅವಧಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಗರಿಷ್ಠ ನಾಲ್ಕು ವರ್ಷದಿಂದ ಮೂರಕ್ಕೆ ಇಳಿಸಿತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಶೇ. 18 ಜಿಎಸ್‌ಟಿ ಹೋಯಿತು. ಇವೆಲ್ಲ ಸ್ವಾಗತಾರ್ಹ. ಆದರೂ ವಿಮೆಯ ಸ್ವಭಾವ ಬದಲಾಗದು: ವಯಸ್ಸಾದವನಿಗೆ, ರೋಗ ಇರುವವನಿಗೆ, ಅಂದರೆ ಯಾರಿಗೆ ಹೆಚ್ಚು ಬೇಕೋ ಅವರಿಗೇ ಅದು ಹೆಚ್ಚು ತುಟ್ಟಿ.

ನಮ್ಮ ಕಡೆಯ ಹೋಲಿಕೆಯಲ್ಲೇ ಹೇಳುವುದಾದರೆ, ಖಾಸಗಿ ಆಸ್ಪತ್ರೆ ಖಾನಾವಳಿ ಇದ್ದಂತೆ. ಖಾನಾವಳಿ ನಡೆಸುವುದೂ ಕಾಯಕವೇ, ಅದನ್ನು ಹೀಗಳೆಯುವಂತಿಲ್ಲ. ವಿಮೆ ಎಂದರೆ ಖಾನಾವಳಿಯ ಊಟದ ಕೂಪನ್ನು. ಆದರೆ ಖಾನಾವಳಿಯೇ ಇಲ್ಲದ ಹಳ್ಳಿಯಲ್ಲಿ ಕೂಪನ್ನು ಹಂಚಿದರೆ ಹೊಟ್ಟೆ ತುಂಬುವುದೆ? ದಾಸೋಹದ ರೀತಿ ಬೇರೆ. ಒಬ್ಬ ಜೋಳ ತರುತ್ತಾನೆ, ಒಬ್ಬ ಕಟ್ಟಿಗೆ ತರುತ್ತಾನೆ, ಏನೂ ಇಲ್ಲದವಳು ಬಂದು ರೊಟ್ಟಿ ಬಡಿಯುತ್ತಾಳೆ. ಪಂಕ್ತಿಯಲ್ಲಿ ಕೂತಾಗ ಯಾರು ಎಷ್ಟು ತಂದರೆಂದು ಯಾರೂ ಕೇಳುವುದಿಲ್ಲ. ಹಸಿವಿದ್ದಷ್ಟು ಬಡಿಸುತ್ತಾರೆ. ಶಕ್ತಿಯಿದ್ದಷ್ಟು ತೆರಿಗೆ, ರೋಗವಿದ್ದಷ್ಟು ಚಿಕಿತ್ಸೆ ಎಂಬುದೂ ಇದೇ ಲೆಕ್ಕ. ವೈದ್ಯ ಸಂಗಣ್ಣನಂಥ ವೈದ್ಯರನ್ನೂ ಒಳಗೊಂಡಿದ್ದ ಶರಣ ಪರಂಪರೆಯ ನಮಗೆ ಇದು ಹೊಸದಲ್ಲ.

ದೇಶಕ್ಕೂ ಹೊಸದಲ್ಲ. 1946ರಲ್ಲೇ ಜೋಸೆಫ್ ಭೋರ್ ಸಮಿತಿ, ಹಣ ಕೊಡಲಾಗದ ಕಾರಣಕ್ಕೆ ಯಾರೂ ಚಿಕಿತ್ಸೆಯಿಂದ ವಂಚಿತರಾಗಬಾರದೆಂದು ಹೇಳಿತು. ಇಂದಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಬೇರು ಆ ವರದಿಯಲ್ಲಿದೆ. ಬ್ರಿಟನ್ 1948ರಲ್ಲಿ ತೆರಿಗೆಯ ಹಣದ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭಿಸಿತು. ಅದು ಶ್ರೀಮಂತ ದೇಶ ಎನ್ನುವಿರಾ? ಥಾಯ್ಲೆಂಡ್ ಮೊದಲು ದಶಕಗಳ ಕಾಲ ಗ್ರಾಮೀಣ ಜಿಲ್ಲೆಗಳಲ್ಲಿ ಸರಕಾರಿ ಆಸ್ಪತ್ರೆ ಕಟ್ಟಿತು, ಆಮೇಲೆ 2002ರಲ್ಲಿ ಎಲ್ಲ ಪ್ರಜೆಗಳಿಗೂ ಚಿಕಿತ್ಸೆಯ ಹಕ್ಕು ಕೊಟ್ಟಿತು. ಮೊದಲು ಆಸ್ಪತ್ರೆ, ಹಿಂದಿನಿಂದ ಕಾರ್ಡು. ನಾವು ಕಾರ್ಡನ್ನು ಮುಂದೆ ಮಾಡಿದೆವು. 2017ರ ರಾಷ್ಟ್ರೀಯ ಆರೋಗ್ಯ ನೀತಿ, 2025ರೊಳಗೆ ಸರಕಾರದ ಆರೋಗ್ಯ ವೆಚ್ಚವನ್ನು ಜಿಡಿಪಿಯ ಶೇ. 2.5ಕ್ಕೆ ಏರಿಸುವ ಮಾತು ಕೊಟ್ಟಿತ್ತು. ಕೋವಿಡ್ ಕಾಲದ 2021-22ರಲ್ಲೇ ಅದು ಶೇ. 1.84 ಮಾತ್ರ.

ಸರಕಾರಿ ದವಾಖಾನೆಯ ಹೊಲಸು, ಬಾರದ ಡಾಕ್ಟರು, ಕೈ ಬೆಚ್ಚಗೆ ಮಾಡದೆ ಮುಂದೆ ಹೋಗದ ಸ್ಟ್ರೆಚರು, ಇವನ್ನೆಲ್ಲ ನಾನೂ ಕಂಡಿದ್ದೇನೆ. ಆದರೆ ಅನುಕೂಲಸ್ಥರಾದ ನಾವು ಅಲ್ಲಿಗೆ ಹೋಗುವುದನ್ನು ಬಿಟ್ಟೆವು, ದನಿ ಇಲ್ಲದವರು ಉಳಿದರು. ದನಿ ಇಲ್ಲದವರ ಮನೆಯ ಸೂರು ಯಾರು ದುರಸ್ತಿ ಮಾಡುತ್ತಾರೆ?

ಇಲ್ಲಿಯವರೆಗೆ ಸರಕಾರಕ್ಕೆ ಹೇಳಿದ್ದಾಯಿತು. ಈಗ ನಮ್ಮ ಮನೆಯ ಮಾತು. ಸರಕಾರದ ಕೈ ಸಾಲದ ಕಾಲದಲ್ಲಿ ನಮ್ಮ ಹಿರಿಯರು ಕಟ್ಟಿದ ಸಂಸ್ಥೆಗಳು 1963ರಲ್ಲಿ ಬೆಳಗಾವಿ, ಕಲಬುರಗಿಗಳಲ್ಲಿ, 1965ರಲ್ಲಿ ದಾವಣಗೆರೆಯಲ್ಲಿ ವೈದ್ಯಕೀಯ ಕಾಲೇಜು ತೆರೆದವು. ಆಮೇಲೆ ಮಠಗಳೂ ಆ ದಾರಿ ಹಿಡಿದವು. ಇದು ಹೆಮ್ಮೆಯ ವಿಷಯ. ಹಾಗಾಗಿಯೇ ಸರಕಾರಿ ಆಸ್ಪತ್ರೆಯೋ ವಿಮೆಯೋ ಎಂಬ ವಾದದಲ್ಲಿ ನಾವು ಬರಿಯ ಪ್ರೇಕ್ಷಕರಲ್ಲ. ಆ ಕಾರ್ಡು, ಆ ವಿಮೆ ನಮ್ಮ ಸಮಾಜದ ಆಸ್ಪತ್ರೆಗಳ ಆದಾಯವೂ ಹೌದು. ಸರಕಾರಿ ದರ ಕಡಿಮೆ, ಬಾಕಿ ತಡವಾಗಿ ಬರುತ್ತದೆ ಎಂಬ ಆಡಳಿತ ಮಂಡಳಿಗಳ ದೂರಿನಲ್ಲಿ ಹುರುಳಿದೆ. ಸರಕಾರ ಹೊತ್ತಿಗೆ ಸರಿಯಾಗಿ ಹಣ ಕೊಡಲಿ. ಆದರೆ 2017ರಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾನೂನಿಗೆ ತಿದ್ದುಪಡಿ ಬಂದಾಗ ರಾಜ್ಯದ ಖಾಸಗಿ ವೈದ್ಯರು ಮುಷ್ಕರ ಹೂಡಿದ್ದು ನೆನಪಿದೆಯಲ್ಲ? ತುರ್ತಿನಲ್ಲಿ ಬಂದವರ ಮುಂದೆ ಮುಂಗಡಕ್ಕಾಗಿ ಹಟ ಹಿಡಿಯಬಾರದು, ಬಾಕಿಗಾಗಿ ಶವವನ್ನು ತಡೆಹಿಡಿಯಬಾರದು ಎಂಬುದನ್ನು ದಾಸೋಹದ ಹೆಸರು ಹೇಳುವವರಿಗೆ ಕಾನೂನು ಕಲಿಸಬೇಕಾಗಿರಲಿಲ್ಲ. ಅಂದು ನಮ್ಮ ವೇದಿಕೆಗಳಿಂದ ದೊಡ್ಡ ದನಿ ಕೇಳಲಿಲ್ಲ. ಈ ಪತ್ರಿಕೆಯೂ ಬರೆಯಲಿಲ್ಲ. ಆ ತಪ್ಪು ನನ್ನದು, ಒಪ್ಪಿಕೊಳ್ಳುತ್ತೇನೆ.

ಹಾಗಾದರೆ ಏನು ಮಾಡೋಣ? ಸರಕಾರವನ್ನು ಕೇಳುವುದು ಇಷ್ಟು: ಪ್ರತಿ ಆರೋಗ್ಯ ಕೇಂದ್ರದಲ್ಲಿ ವರ್ಷದ ಹನ್ನೆರಡೂ ತಿಂಗಳು ಬಿಪಿ, ಸಕ್ಕರೆ ಗುಳಿಗೆ ಇರಲಿ, ದಾಸ್ತಾನಿನ ಲೆಕ್ಕ ಫಲಕದ ಮೇಲೆ ಕಾಣಲಿ. ತಮಿಳುನಾಡು ತನ್ನ ವೈದ್ಯಕೀಯ ಸೇವಾ ನಿಗಮದ ಮೂಲಕ ಮೂರು ದಶಕದಿಂದ ಔಷಧ ಖರೀದಿಸಿ ಒದಗಿಸುತ್ತಿದೆ. ನಮ್ಮಿಂದ ಆಗದ ಕೆಲಸವಲ್ಲ. 2024ರಲ್ಲಿ ಕೋಲಾರದಿಂದ ಆರಂಭವಾದ ಗೃಹ ಆರೋಗ್ಯ ಯೋಜನೆ ಗುಳಿಗೆಯನ್ನು ಮನೆ ಬಾಗಿಲಿಗೆ ಮುಟ್ಟಿಸುವ ಭರವಸೆ ಕೊಟ್ಟಿದೆ. ಅದು ಕೊನೆಯ ಹಟ್ಟಿಯವರೆಗೆ ಮುಟ್ಟಲಿ.

ನಮ್ಮ ಸಂಸ್ಥೆಗಳನ್ನು ಕೇಳುವುದು: ಚಿಕಿತ್ಸೆಯ ದರಪಟ್ಟಿ ಕನ್ನಡದಲ್ಲಿ ಬಾಗಿಲಲ್ಲೇ ಇರಲಿ, ಕಾರ್ಡು ಹಿಡಿದು ಬಂದವರು ಕಾಯುವ ಸಾಲು, ಹಣ ಕಟ್ಟುವವರು ಕಾಯುವ ಸಾಲು ಒಂದೇ ಆಗಿರಲಿ, ಒಂದೊಂದು ಆಸ್ಪತ್ರೆ ಸುತ್ತಲಿನ ನಾಲ್ಕಾರು ಸರಕಾರಿ ಆರೋಗ್ಯ ಕೇಂದ್ರಗಳಿಗೆ ವಾರಕ್ಕೊಮ್ಮೆ ತಜ್ಞರನ್ನು ಕಳಿಸಲಿ.

ಓದುಗರಾದ ನಿಮ್ಮನ್ನು ಕೇಳುವುದು ಇನ್ನೂ ಸಣ್ಣದು. ನಿಮ್ಮ ಆರೋಗ್ಯ ಕೇಂದ್ರಕ್ಕೆ ಒಂದು ಆರೋಗ್ಯ ರಕ್ಷಾ ಸಮಿತಿ ಇದೆ. ಅದರ ಸಭೆ ಯಾವಾಗೆಂದು ಕೇಳಿ, ಅಲ್ಲಿಗೆ ಹೋಗಿ, ಗುಳಿಗೆ ಇದೆಯೇ ಎಂದು ವಿಚಾರಿಸಿ. ಮುಂದಿನ ಅಮಾವಾಸ್ಯೆಗೆ ಮಠಕ್ಕೆ ಬರುವಾಗ ನಿಮ್ಮ ಊರಿನ ಕೇಂದ್ರದ ಸ್ಥಿತಿಯನ್ನು ಒಂದು ಹಾಳೆಯಲ್ಲಿ ಬರೆದು ತನ್ನಿ. ಅವನ್ನೆಲ್ಲ ಈ ಪತ್ರಿಕೆಯಲ್ಲಿ ಅಚ್ಚು ಹಾಕಿ, ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಒಪ್ಪಿಸುತ್ತೇವೆ.

ಆ ತಾಯಿ ಈಗ ನಿಂತು ರೊಟ್ಟಿ ಬಡಿಯಲಾರರು. ಮಣೆಯ ಮೇಲೆ ಕೂತು ಕಾಯಿಪಲ್ಲೆ ಸೋಸಿಕೊಡುತ್ತಾರೆ. ಅವರ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಮುಂದಿನ ಶ್ರಾವಣದ ಹೊತ್ತಿಗಾದರೂ ಅವರ ಊರಿನ ಕೇಂದ್ರದಲ್ಲಿ ಗುಳಿಗೆ ಇದೆ ಎಂದು ಹೇಳುವಂತಾದರೆ ಅದೇ ಉತ್ತರ.