ಮರಳಿ ಬರುವ ಗ್ರಾಹಕ: ಹಳೆಯ ವಿಡಿಯೊ ಆಟಗಳ ಮರುಬಿಡುಗಡೆ ಕಲಿಸುವ ಪಾಠ

ಹೊಸ ಗ್ರಾಹಕನನ್ನು ಸಂಪಾದಿಸುವುದು ಕಷ್ಟವೆಂಬುದು ವ್ಯಾಪಾರಸ್ಥರಾದ ನಮಗೆಲ್ಲ ತಿಳಿದ ವಿಷಯ. ಆದರೆ ಇಪ್ಪತ್ತೈದು ವರ್ಷಗಳ ಬಳಿಕ ಮರಳಿ ಬಂದು, ಅಂದು ಕೊಂಡಿದ್ದ ವಸ್ತುವೇ ಇಂದೂ ಬೇಕೆಂದು ಕೇಳುವ ಗ್ರಾಹಕನನ್ನು ತೃಪ್ತಿಪಡಿಸುವುದು ಅದಕ್ಕಿಂತಲೂ ಕಷ್ಟ. ಈ ಮಾತನ್ನು ನಾನು ಕಲಿತದ್ದು ವಿಡಿಯೊ ಆಟಗಳಿಂದ. ಮಕ್ಕಳ ಆಟದ ವಿಷಯಕ್ಕೂ ವಾಣಿಜ್ಯ ಪತ್ರಿಕೆಗೂ ಏನು ಸಂಬಂಧವೆಂದು ಸದಸ್ಯ ಬಾಂಧವರು ಹುಬ್ಬೇರಿಸಬಾರದೆಂದು ಮೊದಲೇ ವಿನಂತಿಸುತ್ತೇನೆ.

ಅಂಗಡಿಯ ಅನುಭವ

ಉಡುಪಿಯಿಂದ ಆಗುಂಬೆಯತ್ತ ಸಾಗುವ ಹೆದ್ದಾರಿಯಲ್ಲಿ, ಮಣಿಪಾಲವನ್ನು ದಾಟಿದೊಡನೆ ಸಿಗುವ ಪರ್ಕಳ ಪೇಟೆಯಲ್ಲಿ ನನ್ನದೊಂದು ವಿದ್ಯುತ್ ಉಪಕರಣಗಳ ಸಣ್ಣ ಮಳಿಗೆ. ತೊಂಬತ್ತರ ದಶಕದಲ್ಲಿ ಫ್ಯಾನು, ಮಿಕ್ಸಿ, ಇಸ್ತ್ರಿಪೆಟ್ಟಿಗೆಗಳ ಜೊತೆಗೆ ದೂರದರ್ಶನಕ್ಕೆ ಜೋಡಿಸಿ ಆಡುವ ಟಿ.ವಿ. ಗೇಮ್ ಪೆಟ್ಟಿಗೆಗಳನ್ನೂ ಮಾರುತ್ತಿದ್ದೆ. ಬೇಸಗೆ ರಜೆ ಬಂತೆಂದರೆ ಮಾರಿಯೊ, ಕಾಂಟ್ರಾ ಕ್ಯಾಸೆಟ್ಟುಗಳಿಗೆ ಬೇಡಿಕೆಯೋ ಬೇಡಿಕೆ. ಪ್ರದರ್ಶನಕ್ಕೆಂದು ಅಂಗಡಿಯಲ್ಲಿ ಇಟ್ಟಿದ್ದ ಒಂದು ಪೆಟ್ಟಿಗೆಯ ಮುಂದೆ ಶಾಲೆ ಬಿಟ್ಟ ಹುಡುಗರು ಸಂಜೆಯವರೆಗೂ ಸಾಲುಗಟ್ಟಿ ನಿಲ್ಲುತ್ತಿದ್ದರು. ಆ ಪೆಟ್ಟಿಗೆಗಳಲ್ಲಿ ಬಹುಪಾಲು, 1983ರಲ್ಲಿ ಜಪಾನಿನ ನಿಂಟೆಂಡೊ ಸಂಸ್ಥೆ ಹೊರತಂದ ಫ್ಯಾಮಿಕಾಮ್ ಯಂತ್ರದ ಪರವಾನಗಿಯಿಲ್ಲದ ಅನುಕೃತಿಗಳೆಂಬುದು ಆಗ ನನಗೆ ತಿಳಿದಿರಲಿಲ್ಲ; ತಿಳಿದುಕೊಳ್ಳುವ ಗೋಜಿಗೂ ನಾನು ಹೋಗಿರಲಿಲ್ಲ.

2022ರ ದೀಪಾವಳಿಯ ವೇಳೆಗೆ ಸಗಟು ವ್ಯಾಪಾರಿಯೊಬ್ಬರು, ಹಳೆಯ ಆಟಗಳಿಗೆ ಮತ್ತೆ ಕಾಲ ಬಂದಿದೆಯೆಂದು ಹೇಳಿ, ನಾನೂರು ಆಟಗಳನ್ನು ತುಂಬಿದ ಅಂಗೈಯಗಲದ ಯಂತ್ರಗಳನ್ನು ತೋರಿಸಿದರು. ಇಪ್ಪತ್ತನಾಲ್ಕನ್ನು ತರಿಸಿದೆ. ಒಂದು ವಾರದಲ್ಲಿ ಹದಿನೈದು ಖರ್ಚಾದವು. ಕೊಂಡವರು ಮಕ್ಕಳಲ್ಲ; ನಲವತ್ತರ ಆಸುಪಾಸಿನ, ಹಬ್ಬಕ್ಕೆಂದು ಬೆಂಗಳೂರು, ಮುಂಬಯಿಗಳಿಂದ ಊರಿಗೆ ಬಂದಿದ್ದ ಗೃಹಸ್ಥರು. ಎರಡೇ ದಿನಗಳಲ್ಲಿ ಅವರಲ್ಲೊಬ್ಬರು ಯಂತ್ರವನ್ನು ಹಿಂದಕ್ಕೆ ತಂದರು. ಬಾಲ್ಯದಲ್ಲಿ ನನ್ನ ಅಂಗಡಿಯ ಮುಂದೆ ಸಾಲಿನಲ್ಲಿ ನಿಂತವರೇ. ಯಂತ್ರ ಕೆಟ್ಟಿರಲಿಲ್ಲ. "ಗುಂಡಿ ಒತ್ತಿದ ಮೇಲೆ ಮಾರಿಯೊ ನೆಗೆಯುವುದು ಒಂದು ಚೂರು ತಡವಾಗುತ್ತದೆ. ಇದು ಆ ಆಟವಲ್ಲ" ಎಂದರು. ನಾನು ಆಡಿ ನೋಡಿದೆ. ನನಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ. ಆದರೆ ಆ ವಾರದಲ್ಲಿ ಇನ್ನೂ ಆರು ಮಂದಿ ಬಂದು ಅದೇ ಮಾತನ್ನಾಡಿದರು. ಎಲ್ಲರಿಗೂ ಹಣ ಹಿಂತಿರುಗಿಸಿದೆ. ಸಗಟು ವ್ಯಾಪಾರಿ ಸರಕನ್ನು ಹಿಂದಕ್ಕೆ ಪಡೆಯಲಿಲ್ಲ. ಮರಳಿ ಬಂದವೂ ಮಾರದೆ ಉಳಿದವೂ ಸೇರಿ ಹದಿನಾರು ಯಂತ್ರಗಳು ಇಂದಿಗೂ ಅಟ್ಟದ ಮೇಲಿವೆ.

ಹಣದ ನಷ್ಟಕ್ಕಿಂತ ನನ್ನನ್ನು ಕಾಡಿದ್ದು ಬೇರೆಯೇ. ನಾನು ಮಾರುವ ವಸ್ತುವನ್ನು ನನಗಿಂತ ಚೆನ್ನಾಗಿ ಅದನ್ನು ಕೊಳ್ಳುವವನು ಬಲ್ಲ. ಅವನ ಬೆರಳುಗಳು ಇಪ್ಪತ್ತೈದು ವರ್ಷಗಳ ಹಿಂದಿನ ಅಳತೆಯನ್ನು ಮರೆತಿರಲಿಲ್ಲ.

ದೊಡ್ಡವರು ಎಡವಿದ ಬಗೆ

ಈ ಕುತೂಹಲದಿಂದಲೇ, ಜಗತ್ತಿನ ದೊಡ್ಡ ಸಂಸ್ಥೆಗಳು ತಮ್ಮ ಹಳೆಯ ಆಟಗಳನ್ನು ಮತ್ತೆ ಮಾರುಕಟ್ಟೆಗೆ ತಂದಾಗ ಅಭಿಮಾನಿಗಳು ಹೇಗೆ ಪ್ರತಿಕ್ರಿಯಿಸಿದರೆಂಬುದನ್ನು ಓದಿ ತಿಳಿದುಕೊಂಡೆ. ನನ್ನ ಪುಟ್ಟ ಅಂಗಡಿಯ ಕಥೆಯೇ ಅಲ್ಲಿ ಕೋಟಿಗಟ್ಟಲೆ ಡಾಲರುಗಳ ಪ್ರಮಾಣದಲ್ಲಿ ನಡೆದಿತ್ತು.

ನಿಂಟೆಂಡೊ ಸಂಸ್ಥೆ 2016ರ ನವೆಂಬರಿನಲ್ಲಿ ತನ್ನ ಹಳೆಯ ಯಂತ್ರದ ಪುಟ್ಟ ರೂಪವೊಂದನ್ನು ಮೂವತ್ತು ಆಟಗಳೊಂದಿಗೆ ಸುಮಾರು 60 ಡಾಲರಿಗೆ ಬಿಡುಗಡೆ ಮಾಡಿತು. ಜನ ಮುಗಿಬಿದ್ದರು. ಆಟದ ಗುಣಮಟ್ಟವನ್ನು ಎಲ್ಲರೂ ಹೊಗಳಿದರು. ದೂರಿದ್ದು ಎರಡು ವಿಷಯಗಳಿಗೆ: ಕೈಹಿಡಿಕೆಯ ತಂತಿ ಸುಮಾರು ಮೂರು ಅಡಿ ಮಾತ್ರ ಇದ್ದುದಕ್ಕೆ ಮತ್ತು ಅಂಗಡಿಗಳಲ್ಲಿ ಸರಕೇ ಸಿಗದಿದ್ದುದಕ್ಕೆ. ಕಾಳಸಂತೆಯವರು ಹಲವು ಪಟ್ಟು ಬೆಲೆಗೆ ಮಾರಿದರು. ಸುಮಾರು 23 ಲಕ್ಷ ಯಂತ್ರಗಳು ಮಾರಾಟವಾದ ಮೇಲೆ, 2017ರ ಏಪ್ರಿಲಿನಲ್ಲಿ ಸಂಸ್ಥೆ ಉತ್ಪಾದನೆಯನ್ನೇ ನಿಲ್ಲಿಸಿತು; ಅಭಿಮಾನಿಗಳ ಆಕ್ರೋಶದ ನಡುವೆ 2018ರ ಜೂನಿನಲ್ಲಿ ಮತ್ತೆ ತಂದಿತು.

ಸೋನಿ ಸಂಸ್ಥೆಯೂ ಇದೇ ದಾರಿ ಹಿಡಿದು, 2018ರ ಡಿಸೆಂಬರ್ 3ರಂದು ತನ್ನ ಪ್ಲೇಸ್ಟೇಷನ್ನಿನ ಪುಟ್ಟ ರೂಪವನ್ನು ಸುಮಾರು 100 ಡಾಲರಿಗೆ ಮಾರಾಟಕ್ಕಿಟ್ಟಿತು. ಅದರಲ್ಲಿದ್ದ ಇಪ್ಪತ್ತು ಆಟಗಳ ಪೈಕಿ ಒಂಬತ್ತು, ಯುರೋಪಿನ ಹಳೆಯ ದೂರದರ್ಶನಗಳಿಗೆಂದು ಸಿದ್ಧಪಡಿಸಿದ್ದ, ತುಸು ನಿಧಾನವಾಗಿ ಓಡುವ ಆವೃತ್ತಿಗಳು. ಅಮೆರಿಕದ ಅಭಿಮಾನಿಗಳು ಇದನ್ನು ಕೂಡಲೇ ಗುರುತಿಸಿದರು. ಒಂದು ತಿಂಗಳೊಳಗೆ ಬೆಲೆ 60 ಡಾಲರಿಗೆ ಇಳಿಯಿತು. ನನ್ನ ಅಂಗಡಿಗೆ ಬಂದ ದೂರೂ ಇದೇ ಜಾತಿಯದ್ದು: ಹೆಸರು ಅದೇ, ಚಿತ್ರ ಅದೇ, ಆದರೆ ನಡೆ ಮಾತ್ರ ಬೇರೆ.

ಇದಕ್ಕಿಂತ ದೊಡ್ಡ ಪ್ರಮಾದ ಬ್ಲಿಝಾರ್ಡ್ ಸಂಸ್ಥೆಯದು. 2002ರ ‘ವಾರ್‌ಕ್ರಾಫ್ಟ್ 3’ ಆಟವನ್ನು ನವೀಕರಿಸಿ ಕೊಡುವುದಾಗಿ 2018ರಲ್ಲಿ ಸಾರಿ, ಅಂದವಾದ ದೃಶ್ಯಗಳನ್ನು ತೋರಿಸಿ ಮುಂಗಡ ಹಣ ಪಡೆಯಿತು. 2020ರ ಜನವರಿ 28ರಂದು ಬಂದ ಆಟದಲ್ಲಿ ತೋರಿಸಿದ್ದ ಎಷ್ಟೋ ಅಂಶಗಳು ಇರಲಿಲ್ಲ. ಅಷ್ಟೇ ಆಗಿದ್ದರೆ ನಿರಾಸೆಯಲ್ಲಿ ಮುಗಿಯುತ್ತಿತ್ತು. ಆದರೆ ಹೊಸತನ್ನು ಕೊಳ್ಳದೆ ಹಳೆಯದನ್ನೇ ಆಡಿಕೊಂಡಿದ್ದವರ ಆಟವೂ ಹೊಸ ವ್ಯವಸ್ಥೆಗೆ ಬದಲಾಗಿ, ಅವರಿಗಿದ್ದ ಸೌಲಭ್ಯಗಳೂ ಹೋದವು. ಆಟಗಾರರು ಹತ್ತರಲ್ಲಿ ಒಂದು ಅಂಕವನ್ನೂ ಕೊಡಲಿಲ್ಲ. ಸಂಸ್ಥೆ ಹಣ ಹಿಂತಿರುಗಿಸಬೇಕಾಯಿತು.

ಆರು ಮೂಲೆಯ ನಟ್ಟು

ತಯಾರಕ ಮಿತ್ರರು ವಿಶೇಷವಾಗಿ ಗಮನಿಸಬೇಕಾದ ನಿದರ್ಶನವೊಂದಿದೆ. ‘ಗ್ರ್ಯಾಂಡ್ ಥೆಫ್ಟ್ ಆಟೊ’ ಸರಣಿಯ ಮೂರು ಹಳೆಯ ಆಟಗಳು 2021ರ ನವೆಂಬರ್ 11ರಂದು ನವೀಕೃತವಾಗಿ ಬಂದವು. ಹಳೆಯ ಮಸುಕು ಚಿತ್ರಗಳನ್ನು ಸ್ಪಷ್ಟಗೊಳಿಸಲು ಗಣಕಯಂತ್ರದ ಸ್ವಯಂಚಾಲಿತ ವಿಧಾನವನ್ನು ಬಳಸಲಾಗಿತ್ತು. ಆಟದೊಳಗಿನ ನಗರದಲ್ಲಿ ಡೋನಟ್ ತಿಂಡಿಯ ಒಂದು ಅಂಗಡಿಯಿದೆ. ‘ನಟ್’ ಎಂಬ ಪದದ ಮೇಲಿನ ವಿನೋದವಾಗಿ ಅದರ ಫಲಕದ ಮೇಲೆ ಆರು ಮೂಲೆಯ ಕಬ್ಬಿಣದ ನಟ್ಟೊಂದನ್ನು ಮೂಲ ಕಲಾವಿದರು ಇರಿಸಿದ್ದರು. ಯಂತ್ರಕ್ಕೆ ವಿನೋದ ತಿಳಿಯುವುದೇ? ಅದು ಮೂಲೆಗಳನ್ನು ಸವರಿ ನಟ್ಟನ್ನು ದುಂಡಗಾಗಿಸಿತು. ಸಾವಿರಾರು ಚಿತ್ರಗಳಲ್ಲಿ ಇದೊಂದು ಚಿಕ್ಕ ತಪ್ಪು. ಆದರೂ ಅಭಿಮಾನಿಗಳು ಅದನ್ನು ಎತ್ತಿ ತೋರಿಸಿ, ಈ ಕೆಲಸದ ಮೇಲೆ ಮನುಷ್ಯರ ಕಣ್ಣು ಹಾಯ್ದಿಲ್ಲವೆಂಬುದಕ್ಕೆ ಇದೇ ಸಾಕ್ಷಿಯೆಂದರು. ರಾಕ್‌ಸ್ಟಾರ್ ಸಂಸ್ಥೆ ಬಹಿರಂಗವಾಗಿ ಕ್ಷಮೆ ಯಾಚಿಸಿ, ಮಾರಾಟದಿಂದ ತೆಗೆದಿದ್ದ ಹಳೆಯ ಆವೃತ್ತಿಗಳನ್ನು ಗಣಕಯಂತ್ರದ ಆಟಗಾರರಿಗೆ ಮರಳಿ ಒದಗಿಸಿತು. ದೊಡ್ಡ ಪ್ರಮಾಣದ ತಿದ್ದುಪಡಿ ಬಂದದ್ದು ಮೂರು ವರ್ಷಗಳ ಅನಂತರ, 2024ರ ನವೆಂಬರಿನಲ್ಲಿ.

ಅಭಿಮಾನಿಯೇ ಕೆಲಸಗಾರನಾದಾಗ

ಹಾಗಾದರೆ ಅಭಿಮಾನಿಗಳು ಎಂದೂ ತೃಪ್ತರಾಗದ, ಗದ್ದಲದ ಅಲ್ಪಸಂಖ್ಯೆಯ ಜನರೇ? ಅವರ ಮಾತಿಗೆ ಮಣಿದು ವ್ಯಾಪಾರ ನಡೆಸಲು ಸಾಧ್ಯವೇ? ಈ ಪ್ರಶ್ನೆ ಸಹಜವಾದುದೇ. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆಟದ ಹಳೆಯ ರೂಪವನ್ನು ಮತ್ತೆ ಕೊಡುವಿರಾ ಎಂದು 2013ರಲ್ಲಿ ಆಟಗಾರನೊಬ್ಬ ಸಭೆಯಲ್ಲಿ ಕೇಳಿದಾಗ, ನಿಮಗೆ ಅದು ಬೇಕೆಂದು ನೀವು ಭಾವಿಸಿರುವಿರಿ, ನಿಜಕ್ಕೂ ಬೇಕಿಲ್ಲ ಎಂಬರ್ಥದ ಉತ್ತರವನ್ನು ಸಂಸ್ಥೆಯ ಅಧಿಕಾರಿಯೊಬ್ಬರು ಕೊಟ್ಟಿದ್ದರು. ಅಭಿಮಾನಿಗಳೇ ಅನುಮತಿಯಿಲ್ಲದೆ ನಡೆಸುತ್ತಿದ್ದ ಹಳೆಯ ರೂಪದ ಆಟವೊಂದು ಸಂಸ್ಥೆಯ ಕಾನೂನು ಎಚ್ಚರಿಕೆಯಿಂದ 2016ರ ಏಪ್ರಿಲಿನಲ್ಲಿ ಮುಚ್ಚಿದಾಗ, ಎರಡು ಲಕ್ಷಕ್ಕೂ ಅಧಿಕ ಮಂದಿ ಮನವಿಗೆ ಸಹಿ ಹಾಕಿದರು. ಕೊನೆಗೆ 2019ರ ಆಗಸ್ಟಿನಲ್ಲಿ ಸಂಸ್ಥೆ ತಾನೇ ಹಳೆಯ ರೂಪವನ್ನು ಹೊರತಂದಾಗ ಪ್ರವೇಶಕ್ಕೇ ಗಂಟೆಗಟ್ಟಲೆ ಸರದಿ ಕಾಯಬೇಕಾಯಿತು. ಗ್ರಾಹಕನಿಗೆ ಏನು ಬೇಕೆಂಬುದು ಗ್ರಾಹಕನಿಗಿಂತ ತನಗೇ ಚೆನ್ನಾಗಿ ಗೊತ್ತೆಂದು ಭಾವಿಸಿದ ವ್ಯಾಪಾರಿಗೆ ಆರು ವರ್ಷಗಳ ವಹಿವಾಟು ನಷ್ಟವಾಯಿತು.

ಇದಕ್ಕೆ ಪ್ರತಿಯಾಗಿ 1999ರ ‘ಏಜ್ ಆಫ್ ಎಂಪೈರ್ಸ್ 2’ ಆಟದ ಇತಿಹಾಸವನ್ನು ನೋಡಬೇಕು. ಆಟವನ್ನು ಬಿಡಲಾರದ ಕೆಲವು ಅಭಿಮಾನಿಗಳು ಸ್ವಂತ ಆಸಕ್ತಿಯಿಂದ ಅದಕ್ಕೆ ಹೊಸ ಭಾಗವನ್ನು ರಚಿಸಿದ್ದರು. ಸಂಸ್ಥೆ ಅವರ ಮೇಲೆ ದಾವೆ ಹೂಡಲಿಲ್ಲ. ಅವರ ಕೆಲಸವನ್ನೇ 2013ರಲ್ಲಿ ಅಧಿಕೃತವಾಗಿ ಪ್ರಕಟಿಸಿತು. 2019ರ ನವೆಂಬರ್ 14ರಂದು ಬಂದ ನವೀಕೃತ ಆವೃತ್ತಿಯನ್ನು ಸಿದ್ಧಗೊಳಿಸಿದ್ದು ಆ ಅಭಿಮಾನಿ ಬಳಗದಿಂದ ಬೆಳೆದ ತಂಡವೇ. 2022ರ ಏಪ್ರಿಲಿನಲ್ಲಿ ಭಾರತದ ರಾಜವಂಶಗಳ ಕುರಿತ ಭಾಗವೂ ಸೇರಿ, ಅದುವರೆಗೆ ‘ಭಾರತೀಯರು’ ಎಂದು ಒಂದೇ ಆಗಿದ್ದವರ ಜಾಗದಲ್ಲಿ ದ್ರಾವಿಡರು, ಬಂಗಾಳಿಗಳು, ಗೂರ್ಜರರು, ಹಿಂದೂಸ್ಥಾನಿಗಳು ಎಂಬ ಪ್ರತ್ಯೇಕ ಪಡೆಗಳು ಬಂದವು. ಇಪ್ಪತ್ತು ವರ್ಷ ಹಳೆಯದಾದ ಸರಕಿಗೆ ಗ್ರಾಹಕರು ಸಂತೋಷದಿಂದ ಮತ್ತೆ ಮತ್ತೆ ಹಣ ಕೊಟ್ಟರು.

ನಮ್ಮ ಜಿಲ್ಲೆಯ ಮಟ್ಟಿಗೆ

ಇದು ದೂರದ ದೇಶಗಳ ಮಾತೆಂದು ಯಾರೂ ತಳ್ಳಿಹಾಕಬೇಕಾಗಿಲ್ಲ. 1996ರಲ್ಲಿ ಉಡುಪಿಯಲ್ಲಿ ಆರಂಭವಾಗಿ 2021ರಲ್ಲಿ ಜಪಾನಿನ ಟೆಕ್ನೊಪ್ರೊ ಸಂಸ್ಥೆಯ ಪಾಲಾದ ರೋಬೋಸಾಫ್ಟ್ ನಮ್ಮ ಊರಿನದೇ. ಅದರ ಬಳಗದಿಂದ ಬಂದ ನೈಂಟಿನೈನ್ ಗೇಮ್ಸ್ 2013ರಲ್ಲಿ ‘ಧೂಮ್ 3’ ಚಿತ್ರದ ಆಟವನ್ನೂ 2014ರಲ್ಲಿ ‘ಸ್ಟಾರ್ ಶೆಫ್’ ಆಟವನ್ನೂ ಉಡುಪಿಯಲ್ಲೇ ನಿರ್ಮಿಸಿತು. ಇಂದು ಅವುಗಳನ್ನಾಡಿದ ಮಕ್ಕಳಿಗೂ ನಾಳೆ ನಲವತ್ತಾಗುತ್ತದೆ.

ನೇಯ್ಗೆಯನ್ನೇ ತೆಗೆದುಕೊಳ್ಳಿ. ಉಡುಪಿ ಸೀರೆಗೆ 2016ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಅಳಿವಿನಂಚಿನಲ್ಲಿದ್ದ ಆ ನೇಯ್ಗೆಗೆ ತಾಳಿಪಾಡಿ ನೇಕಾರರ ಸಂಘವೂ ಕಾರ್ಕಳದ ಕದಿಕೆ ಟ್ರಸ್ಟೂ ಸೇರಿ ಮರುಜೀವ ಕೊಟ್ಟಿವೆ. ಅಜ್ಜಿ ಉಟ್ಟ ಸೀರೆಯನ್ನು ಹುಡುಕಿಕೊಂಡು ಬರುವ ಮೊಮ್ಮಗಳು ಕೂಡ ಮರಳಿ ಬರುವ ಗ್ರಾಹಕಳೇ. ಯಂತ್ರಮಗ್ಗದ ಬಟ್ಟೆಗೆ ಹಳೆಯ ಅಂಚನ್ನು ಹಚ್ಚಿ ಕೊಟ್ಟರೆ ಅವಳ ಬೆರಳೂ ಸುಳ್ಳನ್ನು ಗುರುತಿಸದೆ ಬಿಡದು.

ಇನ್ನು ನಮ್ಮ ಚೆನ್ನೆಮಣೆ. ಸಿರಿ ಪಾಡ್ದನದ ಅಬ್ಬಗ ದಾರಗರ ಕಾಲದಿಂದಲೂ ತುಳುನಾಡಿನ ಮನೆಮನೆಗಳಲ್ಲಿದ್ದ, ಆಟಿ ತಿಂಗಳ ಮಳೆಗೆ ಜೊತೆಯಾಗಿದ್ದ ಆಟವಿದು. ಸಾಲಿಗೆ ಏಳರಂತೆ ಹದಿನಾಲ್ಕು ಗುಳಿಗಳು, ಮಂಜೊಟ್ಟಿಯ ಕೆಂಪು ಬೀಜಗಳು. ಮರಗೆಲಸದ ಘಟಕಗಳನ್ನು ನಡೆಸುವ ಸದಸ್ಯರು ಇದನ್ನು ಮತ್ತೆ ತಯಾರಿಸುವುದಾದರೆ ನನ್ನ ಮಳಿಗೆಯಲ್ಲಿ ಸ್ಥಳ ಕೊಡಲು ಸಿದ್ಧನಿದ್ದೇನೆ. ಆದರೆ ಮರ ಉಳಿಸಲೆಂದು ಗುಳಿಯ ಆಳವನ್ನು ಕಡಿಮೆ ಮಾಡಿದರೆ, ಒಂದೇ ಬಾರಿಗೆ ಬೀಜಗಳನ್ನು ಬಾಚಿಕೊಳ್ಳುವ ಕೈಗೆ ಅದು ಆ ಮಣೆಯೆನಿಸದು. ಮೊದಲ ಮಾದರಿಯನ್ನು ಮಾರುಕಟ್ಟೆಗೆ ಕಳುಹಿಸುವ ಮುನ್ನ ಪಕ್ಕದ ಮನೆಯ ಅಜ್ಜಿಯ ಮುಂದಿಡಿ.

ನನ್ನ ನಿಲುವು

ಹಳೆಯ ಸರಕನ್ನು ಮತ್ತೆ ತರುವವರು ನಾಲ್ಕು ವಿಷಯಗಳನ್ನು ಮನದಲ್ಲಿಡಬೇಕೆಂದು ನನ್ನ ಅಭಿಪ್ರಾಯ.

ಒಂದು, ಮೂಲ ಅಚ್ಚನ್ನೂ ಅಳತೆಯನ್ನೂ ಕಾಪಾಡಬೇಕು. 1989ರ ‘ಪ್ರಿನ್ಸ್ ಆಫ್ ಪರ್ಷಿಯಾ’ ಆಟದ ಮೂಲ ಬರಹವಿದ್ದ ಡಿಸ್ಕುಗಳು ಕಳೆದೇಹೋದವೆಂದು ಅದರ ಕರ್ತೃ ಜೋರ್ಡನ್ ಮೆಕ್ನರ್ ಭಾವಿಸಿದ್ದರು. 2012ರಲ್ಲಿ ಅವರ ತಂದೆಗೆ ಅವು ಮನೆಯ ಕಪಾಟಿನಲ್ಲಿ ಸಿಕ್ಕಿದವು. ಎಲ್ಲರ ಮನೆಯ ಕಪಾಟೂ ಅಷ್ಟು ಉದಾರಿಯಾಗಿರುವುದಿಲ್ಲ.

ಎರಡು, ಹೊಸತನ್ನು ಮಾರುವ ಸಲುವಾಗಿ ಹಳೆಯದನ್ನು ಗ್ರಾಹಕನ ಕೈಯಿಂದ ಕಿತ್ತುಕೊಳ್ಳಬಾರದು. ಎರಡೂ ಕಪಾಟಿನಲ್ಲಿರಲಿ, ಆಯ್ಕೆ ಅವನದಾಗಲಿ.

ಮೂರು, ದೂರು ತರುವ ಹಳೆಯ ಗ್ರಾಹಕನನ್ನು ಶತ್ರುವೆಂದು ಬಗೆಯಬಾರದು. ಆಸಕ್ತಿ ಇಲ್ಲದವನು ದೂರುವುದಿಲ್ಲ. ಮೌನವಾಗಿ ಬೇರೆ ಅಂಗಡಿಗೆ ಹೋಗುತ್ತಾನೆ. ನೆಗೆತ ತಡವಾಯಿತೆಂದು ಹೇಳಲು ಪರ್ಕಳದವರೆಗೆ ಮರಳಿ ಬಂದವನು, ನಾನು ಸಂಬಳ ಕೊಡದೆಯೇ ನನ್ನ ಸರಕನ್ನು ಪರೀಕ್ಷಿಸಿ ಕೊಟ್ಟ ಉಪಕಾರಿ.

ನಾಲ್ಕನೆಯದು ನನ್ನನ್ನೇ ಕುರಿತದ್ದು. ಅಗ್ಗದ ‘ನಾನೂರು ಆಟ’ದ ಯಂತ್ರಗಳಲ್ಲಿರುವ ಆಟಗಳಿಗೆ ಹಕ್ಕುದಾರರಿದ್ದಾರೆ. ಗಣಕ ಕಾರ್ಯಕ್ರಮಗಳಿಗೆ 1984ರ ತಿದ್ದುಪಡಿಯಿಂದಲೇ ನಮ್ಮ ಕೃತಿಸ್ವಾಮ್ಯ ಕಾಯಿದೆಯ ರಕ್ಷಣೆಯಿದೆ. ವಿಡಿಯೊ ಆಟದ ಯಂತ್ರಗಳನ್ನು 2012ರ ಆದೇಶದ ಮೂಲಕ ಭಾರತೀಯ ಮಾನಕ ಬ್ಯೂರೋದ ಕಡ್ಡಾಯ ನೋಂದಣಿಗೂ ಒಳಪಡಿಸಲಾಗಿದೆ. ತೊಂಬತ್ತರ ದಶಕದಲ್ಲಿ ತಿಳಿಯದೆ ಮಾರಿದೆನೆಂದು ಹೇಳಿಕೊಳ್ಳಬಹುದು. 2022ರಲ್ಲಿ ಆ ನೆಪವೂ ನನಗಿರಲಿಲ್ಲ. ಬಿಲ್ಲು, ನೋಂದಣಿ ಸಂಖ್ಯೆ, ಪರವಾನಗಿ, ಈ ಮೂರನ್ನೂ ಕೇಳದೆ ಸರಕನ್ನು ಒಳಗೆ ಬಿಟ್ಟದ್ದು ನನ್ನದೇ ತಪ್ಪು. ಅಟ್ಟದ ಮೇಲಿರುವ ಹದಿನಾರು ಯಂತ್ರಗಳನ್ನು ರಿಯಾಯಿತಿ ಬೆಲೆಗೆ ಕೊಡಿರೆಂದು ಈಗಲೂ ಕೇಳುವವರಿದ್ದಾರೆ. ಮಾರುವುದಿಲ್ಲ.

ಬಾಲ್ಯವನ್ನು ಹುಡುಕಿಕೊಂಡು ಅಂಗಡಿಗೆ ಬರುವವನು ನಮ್ಮಲ್ಲಿ ಇಡುವ ವಿಶ್ವಾಸ ಸಾಮಾನ್ಯವಾದುದಲ್ಲ. ಅದಕ್ಕೆ ತಕ್ಕ ಸರಕು ನಮ್ಮಲ್ಲಿಲ್ಲದಿದ್ದರೆ ಇಲ್ಲವೆಂದು ಹೇಳಿ ಕಳುಹಿಸುವುದೇ ಲೇಸು. ಹಾಗೆ ಹೇಳಿದ ಅಂಗಡಿಗೆ ಅವನು ಇನ್ನೊಂದಕ್ಕಾಗಿಯಾದರೂ ಮತ್ತೆ ಬರುತ್ತಾನೆ.